ಹತ್ತಿ ತಾನೆ

ನನ್ನ ತಮ್ಮ ಗೋಣೆಪ್ಪನ ತಲೆಯ ಮೇಲೆ ಬಿದ್ದದ್ದು ಹತ್ತಿ.

ನಗಬೇಕೆನಿಸಿದರೆ ನಕ್ಕುಬಿಡಿ. ನೀವೇ ಮೊದಲಿಗರಲ್ಲ. ಹರಿಹರದ ಕೋರ್ಟಿನಲ್ಲಿ ಮ್ಯಾಜಿಸ್ಟ್ರೇಟರು ನಕ್ಕಿದ್ದಾರೆ. ವಕೀಲರು ನಕ್ಕಿದ್ದಾರೆ. ಬಾಗಿಲಲ್ಲಿ ನಿಂತ ಪೊಲೀಸನೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಿದ್ದಾನೆ. ಹತ್ತಿ ಬಿದ್ದು ತಲೆ ಒಡೆಯಿತಂತೆ. ಮಲ್ಲಿಗೆ ಹೂವು ಬಿದ್ದು ಕಾಲು ಮುರಿಯಿತು ಅಂದ ಹಾಗೆ.

ನಮ್ಮದು ಆವರಗೆರೆ. ಆಗ ನಮ್ಮೂರಿಗೂ ದಾವಣಗೆರೆಗೂ ನಡುವೆ ಹೊಲಗಳಿದ್ದವು. ಅಪ್ಪ ಮೈಲಪ್ಪ ದಾವಣಗೆರೆಯ ದಲ್ಲಾಳಿ ಅಂಗಡಿಗಳಲ್ಲಿ ಹಮಾಲಿ. ಅವ್ವ ಕರಿಯವ್ವ ಕೆಂಚವೀರಪ್ಪ ಸಾಹುಕಾರರ ಹತ್ತಿ ಜಿನ್ನಿನಲ್ಲಿ ಕೂಲಿ. ಬೆಳಗ್ಗೆ ಮಿಲ್ಲಿನ ಕೂಗು ಆಗುವುದರೊಳಗೆ ಅವಳು ಗೇಟಿನಲ್ಲಿರಬೇಕು. ಹತ್ತು ಗಂಟೆ ನಿಂತೇ ಇರಬೇಕು. ಬೀಜದ ಹತ್ತಿಯನ್ನು ಯಂತ್ರದ ಬಾಯಿಗೆ ಉಣಿಸಬೇಕು. ಯಂತ್ರ ಬೀಜ ಉಗಿದು ಅರಳೆ ಕಕ್ಕುತ್ತಿತ್ತು. ಸಂಜೆ ಬಂದಾಗ ಅವ್ವನ ಹುಬ್ಬು ಬೆಳ್ಳಗಿರುತ್ತಿತ್ತು. ರೆಪ್ಪೆ ಬೆಳ್ಳಗಿರುತ್ತಿತ್ತು. ಕೆಮ್ಮಿದರೆ ಉಗುಳೂ ಬೆಳ್ಳಗೆ. ಅಪ್ಪ ಅವಳನ್ನು ನೋಡಿ, "ಬಂದ್ಲಪ್ಪ ನಮ್ಮ ಮುದುಕಿ," ಎನ್ನುತ್ತಿದ್ದ. ಅವಳಿಗೆ ಆಗ ಇಪ್ಪತ್ತಾರು ವರ್ಷ.

ಜಿನ್ನಿನಲ್ಲಿ ಅರವತ್ತು ಹೆಂಗಸರು. ಅವರ ಕೂಸುಗಳು ಎಷ್ಟೋ. ಕೂಸುಗಳನ್ನು ಎಲ್ಲಿ ಬಿಡಬೇಕು? ಯಂತ್ರದ ಹತ್ತಿರ ಬಿಟ್ಟರೆ ಕೈ ಹೋಗುತ್ತದೆ. ಅಂಗಳದಲ್ಲಿ ಬಿಟ್ಟರೆ ಬಿಸಿಲು. ಹಾಗಾಗಿ ಎಲ್ಲರೂ ಗೋದಾಮಿನಲ್ಲಿ ಬಿಡುತ್ತಿದ್ದರು. ಅಲ್ಲಿ ತಂಪು. ಕಾಲಿಟ್ಟಲ್ಲಿ ಮೆತ್ತಗೆ. ಅದೇ ಗೋದಾಮಿನಲ್ಲಿ ಒತ್ತಿ ಕಟ್ಟಿದ ಹತ್ತಿಯ ದೊಡ್ಡ ಮೂಟೆಗಳನ್ನು, ಅಂದರೆ ಅಂಡಿಗೆಗಳನ್ನು, ಒಂದರ ಮೇಲೊಂದು ಪೇರಿಸುತ್ತಿದ್ದರು. ಮೂರರ ಮೇಲೆ ಪೇರಿಸಬಾರದು ಎಂದು ಗೋಡೆಯ ಮೇಲೆ ಬರೆದಿತ್ತು. ಐದು ಪೇರಿಸುತ್ತಿದ್ದರು. ಗೋಡೆಗೆ ಓದು ಬರುತ್ತಿತ್ತು, ಸಾಹುಕಾರರಿಗೆ ಬರುತ್ತಿರಲಿಲ್ಲ.

ಅವ್ವ ಒಮ್ಮೆ ಮೇಸ್ತ್ರಿಗೆ ಹೇಳಿದಳಂತೆ. "ಮಕ್ಳು ಆಡ್ತಾವ್ರಿ ಅಲ್ಲಿ. ಒಂದೀಟು ತಗ್ಗಿಸಿ ಪೇರಿಸ್ರಿ."

"ಮಕ್ಳನ್ನ ಅಲ್ಲಿ ಬಿಡು ಅಂತ ನಾನ್ ಹೇಳಿದ್ನಾ? ಸಾವ್ಕಾರ್ರ ತೊಟ್ಲಾಗ ಬಿಡ್ತೀಯಾ?" ಎಂದನಂತೆ ಮೇಸ್ತ್ರಿ.

ಐವತ್ನಾಲ್ಕನೇ ಇಸವಿ. ಬೇಸಿಗೆ. ನನಗೆ ಎಂಟು, ಗೋಣೆಪ್ಪನಿಗೆ ಆರು. ಗೋದಾಮಿನಲ್ಲಿ ಕಣ್ಣಾಮುಚ್ಚಾಲೆ ಆಡುತ್ತಿದ್ದೆವು. ನಾನು ಕಣ್ಣು ಮುಚ್ಚಿಕೊಂಡಿದ್ದೆ. ಬಚ್ಚಿಟ್ಟುಕೋ ಹೋಗು ಎಂದವಳು ನಾನೇ. ಇದನ್ನು ಅವ್ವ ಒಂದು ದಿನವೂ ಎತ್ತಿ ಆಡಲಿಲ್ಲ. ಆದ್ದರಿಂದ ನಾನೇ ಇಲ್ಲಿ ಹೇಳಿಬಿಡುತ್ತೇನೆ.

ಧೊಪ್ಪೆಂದು ಸದ್ದಾಯಿತು. ದೊಡ್ಡ ಸದ್ದೇನಲ್ಲ. ಹತ್ತಿ ತಾನೆ.

ಮೇಲಿನ ಸಾಲಿನ ಅಂಡಿಗೆ ಜಾರಿತ್ತು. ಅದಕ್ಕೆ ಬಿಗಿದ ಕಬ್ಬಿಣದ ಪಟ್ಟಿಯ ಅಂಚು ಗೋಣೆಪ್ಪನ ತಲೆಯ ಎಡಭಾಗಕ್ಕೆ ಬಡಿದಿತ್ತು. ಕಾಲು ಅಂಡಿಗೆಯ ಅಡಿಯಲ್ಲಿತ್ತು. ಅವ್ವ ಓಡಿ ಬಂದಳು. ಒಬ್ಬಳಿಂದ ಅಲುಗಾಡಲಿಲ್ಲ. ಪಕ್ಕದ ಯಂತ್ರದ ಕೊಟ್ರವ್ವ ಬಂದಳು, ಇನ್ನಿಬ್ಬರು ಬಂದರು. ನಾಲ್ವರೂ ಸೇರಿ ಉರುಳಿಸಿದರು. ಗೋಣೆಪ್ಪನ ಕಿವಿಯಿಂದ ರಕ್ತ ಹರಿಯುತ್ತಿತ್ತು. ಮೇಸ್ತ್ರಿ ಬಾಗಿಲಿನಿಂದಲೇ ಕೂಗಿದ.

"ಹತ್ತಿಗೆ ರಕ್ತ ಹತ್ತಿಸ್ಬ್ಯಾಡ್ರೇ! ಹೊರಗೆ ತಗೊಂಡ್ ಹೋಗ್ರಿ!"

ಗಾಯಕ್ಕೆ ಅದೇ ಹತ್ತಿ ತುಂಬಿದರು. ಆ ಹತ್ತಿಯನ್ನು ಯಾರೂ ವಾಪಸ್ ಕೇಳಲಿಲ್ಲ. ಸಾಹುಕಾರರು ದೊಡ್ಡ ಮನಸ್ಸಿನವರು.

ಒಂಬತ್ತು ದಿನ ಅವನಿಗೆ ಎಚ್ಚರವಿರಲಿಲ್ಲ. ಹತ್ತನೇ ದಿನ ಕಣ್ಣು ಬಿಟ್ಟು ನೀರು ಕೇಳಿದ. ಕೇರಿಯೆಲ್ಲ ಖುಷಿಪಟ್ಟಿತು. ಹುಡುಗ ಉಳಿದ ಎಂದರು. ಉಳಿದ, ನಿಜ. ಯಾವ ಹುಡುಗ ಉಳಿದ ಎಂದು ಯಾರೂ ಕೇಳಲಿಲ್ಲ.

ಮೊದಲಿನ ಗೋಣೆಪ್ಪ ಹೆದರುಪುಕ್ಕಲ. ಕೋಳಿ ಕೊಯ್ದರೆ ಅಳುತ್ತಿದ್ದ. ಅತ್ತು ಮುಗಿಸಿ ಕಾಲಿನ ತುಂಡು ನನಗೇ ಬೇಕು ಎನ್ನುತ್ತಿದ್ದ. ಈಗಿನವನು ಹಾಗಲ್ಲ. ಈಗ ಹೇಳಿದ್ದು ಈಗಲೇ ಮರೆಯುತ್ತಿದ್ದ. ಬಿಸಿಲು ಕಂಡರೆ ತಲೆ ಹಿಡಿದುಕೊಳ್ಳುತ್ತಿದ್ದ. ಇದ್ದಕ್ಕಿದ್ದಂತೆ ಸಿಟ್ಟು. ಎಂಥ ಸಿಟ್ಟು! ಶಾಲೆಯಲ್ಲಿ ಮೇಷ್ಟ್ರ ಕೈಯನ್ನು ಕಚ್ಚಿದ. ನನ್ನ ಮೇಲೆ ತಟ್ಟೆ ಎಸೆದ. ನನ್ನ ಹಣೆಯ ಮೇಲಿನ ಕಲೆ ಅದೇ. ಸಿಟ್ಟು ಇಳಿದ ಮೇಲೆ ಹತ್ತಿರ ಬಂದು, "ಯಾರಕ್ಕ ಹೊಡ್ದಿದ್ದು?" ಎಂದು ಕೇಳುತ್ತಿದ್ದ. ತಮಾಷೆಗಲ್ಲ. ಅವನಿಗೆ ಗೊತ್ತೇ ಇರುತ್ತಿರಲಿಲ್ಲ.

ಕೇರಿಯಲ್ಲಿ ಡಾಕ್ಟರಿಗೆ ಬರವಿತ್ತು, ಸಲಹೆಗೆ ಬರವಿರಲಿಲ್ಲ. ಎಲ್ಲರದೂ ಒಂದೇ ಔಷಧಿ. ಬಡಿಯಿರಿ. ಮೇಷ್ಟ್ರು ಬಡಿದರು. ಅಪ್ಪ ಮೂಟೆ ಕಟ್ಟುವ ಹಗ್ಗದಿಂದ ಬಡಿದ. ಪೆಟ್ಟು ಬಿದ್ದಷ್ಟೂ ಸಿಟ್ಟು ಬೆಳೆಯಿತು. "ಔಷಧಿ ಸಾಲ್ದು," ಎಂದು ಕೇರಿಯವರು ಇನ್ನಷ್ಟು ಬರೆದುಕೊಟ್ಟರು. ಒಂದು ದಿನ ಅವ್ವನೂ ಕೇಳಿದಳು ಆ ಮಾತನ್ನು. ಒಣಮೆಣಸಿನಕಾಯಿ ಕೆಂಡಕ್ಕೆ ಹಾಕಿ ಅವನ ಮುಖವನ್ನು ಹೊಗೆಗೆ ಹಿಡಿದಳು. ಅವನು ಒದ್ದಾಡಿದ. ಕೆಮ್ಮಿ ಕೆಮ್ಮಿ ಸುಸ್ತಾದ. ಸಂಜೆ ಅವಳ ಮಡಿಲಿಗೆ ಬಂದು ಕೂತು ಕೇಳಿದ.

"ಅವ್ವ, ನನಗೆ ಯಾಕ ಹೊಗೆ ಹಾಕ್ದಿ?"

ಅವನು ಮಾಡಿದ್ದು ಅವನಿಗೇ ನೆನಪಿಲ್ಲ. ನೆನಪಿಲ್ಲದವನಿಗೆ ಶಿಕ್ಷೆ ಕೊಟ್ಟರೆ ಅದು ಶಿಕ್ಷೆಯಲ್ಲ, ಬರೀ ಹೊಗೆ. ಅಂದಿನಿಂದ ಅವಳು ಅವನ ಮೇಲೆ ಕೈ ಎತ್ತಲಿಲ್ಲ. ನೋಡತೊಡಗಿದಳು. ಯಂತ್ರ ಕೆಡುವ ಮುಂಚೆ ಸದ್ದು ಬದಲಾಗುತ್ತದಲ್ಲ, ಹಾಗೆ ಇವನಲ್ಲೂ ಏನೋ ಇರಬೇಕು ಎಂದು ನೋಡಿದಳು. ಇತ್ತು. ಸಿಟ್ಟು ಬರುವ ಮುಂಚೆ ಎಡಗಿವಿ ಉಜ್ಜಿಕೊಳ್ಳುತ್ತಿದ್ದ. ಆಮೇಲೆ ಕಣ್ಣು ಪಿಳುಕಿಸುತ್ತಿದ್ದ. ಕಿವಿ ಉಜ್ಜಿದ ಕೂಡಲೇ ಅವನನ್ನು ಕತ್ತಲ ಮೂಲೆಗೆ ಕರೆದೊಯ್ದು, ಒದ್ದೆ ಟವೆಲ್ ತಲೆಗೆ ಹಾಕಿ, ಯಾರೂ ಮಾತಾಡದೆ ಬಿಟ್ಟರೆ ಸಾಕು. ಅರ್ಧ ಗಂಟೆಯಲ್ಲಿ ಎದ್ದು ಬಂದು ರೊಟ್ಟಿ ಕೇಳುತ್ತಿದ್ದ.

ಅಪ್ಪನಿಗೆ ಇದು ಹಿಡಿಸಲಿಲ್ಲ. "ಹುಡುಗ್ನಿಗೆ ಸಿಟ್ಟು ಬಂದ್ರೆ ಇವ್ಳು ಸ್ನಾನ ಮಾಡಿಸ್ತಾಳೆ," ಎಂದು ನಗುತ್ತಿದ್ದ. ಹಗ್ಗವನ್ನು ಮಾತ್ರ ಗೂಟದಿಂದ ಇಳಿಸಲಿಲ್ಲ.

ಹನ್ನೆರಡು ತುಂಬಿದಾಗ ಗೋಣೆಪ್ಪನನ್ನು ಖಾಜಾ ಹುಸೇನ್ ಸಾಹೇಬರು ತಮ್ಮ ಮಂಡಕ್ಕಿ ಭಟ್ಟಿಗೆ ಸೇರಿಸಿಕೊಂಡರು. ಬೆಂಕಿಯ ಹತ್ತಿರ ಬಿಡಲಿಲ್ಲ. ಚೀಲ ಹೊರಲು ಹಾಕಿದರು. ಮಂಡಕ್ಕಿ ಚೀಲ ನೋಡಲು ದೊಡ್ಡದು, ಹೊತ್ತರೆ ನಿಜವಾಗಿಯೂ ಹಗುರ. ಸಾಹೇಬರು ಅವ್ವನ ಹತ್ತಿರ ಎಲ್ಲ ಕೇಳಿ ತಿಳಿದುಕೊಂಡಿದ್ದರು. ಹುಡುಗ ಕಿವಿ ಮುಟ್ಟಿದರೆ ಸಾಕು, "ಗೋಣ್ಯಾ, ಬೇಟಾ, ಹೋಗಿ ನೀರಿನ ತೊಟ್ಟಿ ತುಂಬೈತಾ ನೋಡು," ಎಂದು ಕಳಿಸುತ್ತಿದ್ದರು. ಎರಡು ವರ್ಷ ಭಟ್ಟಿಯಲ್ಲಿ ಒಂದು ಜಗಳವಿಲ್ಲ. ಭಟ್ಟಿಯ ತೊಟ್ಟಿಯಷ್ಟು ತುಂಬಿದ ತೊಟ್ಟಿ ದಾವಣಗೆರೆಯಲ್ಲೇ ಇರಲಿಲ್ಲ.

ಅರವತ್ತೆರಡರ ಮಾರ್ಚಿನಲ್ಲಿ ಸಾಹೇಬರಿಗೆ ಜ್ವರ ಬಂತು. ಹರಿಹರದ ಒಂದು ಕಿರಾಣಿ ಅಂಗಡಿಗೆ ಮಂಡಕ್ಕಿ ಮುಟ್ಟಿಸಬೇಕಿತ್ತು. ಗೋಣೆಪ್ಪ ಒಬ್ಬನೇ ಹೋದ. ಅಂಗಡಿಯಲ್ಲಿ ತೂಕ ಮಾಡುವವನು ಅಜ್ಜಯ್ಯ, ಹತ್ತೊಂಬತ್ತರ ಹುಡುಗ. ಅವನಿಗೆ ತಂದೆಯಿಲ್ಲ, ದಿನವಿಡೀ ಅವನೂ ಬೈಸಿಕೊಳ್ಳುವವನೇ. ಗೋಣೆಪ್ಪನಿಗೆ ನಮ್ಮ ಕೇರಿಯವರು ಇಟ್ಟ ಅಡ್ಡಹೆಸರು ಅವನಿಗೆ ಹೇಗೋ ತಿಳಿದಿತ್ತು.

"ಬಂದ್ನಪ್ಪ ಹತ್ತಿತಲೆ. ನೋಡಾನ, ಒಳಗೆ ಬೀಜ ಐತೋ, ಬರೀ ಅರಳೆನೋ," ಎಂದು ಬೆರಳ ಗೆಣ್ಣಿನಿಂದ ತಲೆ ಬಡಿದ. ಗಿರಾಕಿಗಳು ನಕ್ಕರು. ಗೋಣೆಪ್ಪ ಕಿವಿ ಉಜ್ಜಿಕೊಂಡ.

"ಬ್ಯಾಡ. ತಲೆ ಮುಟ್ಬ್ಯಾಡ," ಎಂದ.

ಅಜ್ಜಯ್ಯ ಇನ್ನೊಮ್ಮೆ ಬಡಿದ. ಗೋಣೆಪ್ಪ ಕಣ್ಣು ಪಿಳುಕಿಸಿದ. ಅಲ್ಲಿ ತೊಟ್ಟಿ ತುಂಬಲು ಕಳಿಸುವವರು ಯಾರೂ ಇರಲಿಲ್ಲ. ಮೂರನೇ ಸಲಕ್ಕೆ ತಕ್ಕಡಿಯ ಕಲ್ಲು ಎತ್ತಿ ಮುಖಕ್ಕೆ ಬೀಸಿದ. ಸರ್ಕಾರ ಆಗತಾನೆ ಸೇರು ತೆಗೆದು ಕಿಲೋ ತಂದಿತ್ತು. ಹೊಸ ಕಲ್ಲು, ತೂಕದಲ್ಲಿ ಮೋಸವಿಲ್ಲ. ಅಜ್ಜಯ್ಯನ ದವಡೆ ಎರಡು ಕಡೆ ಮುರಿಯಿತು.

ಪೊಲೀಸರು ಬಂದಾಗ ಗೋಣೆಪ್ಪ ಅಂಗಡಿಯ ಕಟ್ಟೆಯ ಮೇಲೆ ಕೂತು ಅಜ್ಜಯ್ಯನ ರಕ್ತ ಒರೆಸುತ್ತಿದ್ದನಂತೆ. "ಯಾರು ಹೊಡೆದ್ರು ಇವನಿಗೆ?" ಎಂದು ಪೊಲೀಸರನ್ನೇ ಕೇಳಿದನಂತೆ. ನಾಟಕ ಮಾಡುತ್ತಾನೆ ಎಂದು ಅವರು ಕಪಾಳಕ್ಕೆ ಎರಡು ಕೊಟ್ಟರು.

ಹರಿಹರದ ಕೋರ್ಟಿಗೆ ನಾವು ಮೂವರೂ ಹೋದೆವು. ಗೋಣೆಪ್ಪ ಕಟಕಟೆಯಲ್ಲಿ ನಿಂತು ಫ್ಯಾನು ನೋಡುತ್ತಿದ್ದ. ಸರ್ಕಾರಿ ವಕೀಲರು ಕಾಗದ ಓದಿದರು. ಹುಡುಗ ಒರಟ. ತಂದೆತಾಯಿ ಕೂಲಿಗಳು. ಮಗನನ್ನು ಬೆಳೆಸುವುದು ಗೊತ್ತಿಲ್ಲ. ಹದಿನೆಂಟು ತುಂಬುವವರೆಗೆ ದೂರದ ಸುಧಾರಣಾ ಶಾಲೆಯಲ್ಲಿಡುವುದು ಒಳ್ಳೆಯದು.

ಮ್ಯಾಜಿಸ್ಟ್ರೇಟರು ಅವ್ವನ ಕಡೆ ತಿರುಗಿದರು. "ಮಗನಿಗೆ ಯಾಕಮ್ಮ ಬುದ್ಧಿ ಕಲಿಸಲಿಲ್ಲ?"

"ಇತ್ತು ಸ್ವಾಮಿ ಬುದ್ಧಿ. ಆರು ವರ್ಷದವ್ನಿದ್ದಾಗ ತಲೆ ಮ್ಯಾಲೆ ಹತ್ತಿ ಬಿತ್ತು."

ಆಗ ಎಲ್ಲರೂ ನಕ್ಕದ್ದು. ಅವ್ವ ಅವರ ನಗು ಮುಗಿಯುವವರೆಗೆ ಕಾದಳು. ಅವಳಿಗೆ ಅಭ್ಯಾಸವಿತ್ತು.

"ಜಿನ್ನಿನ ಗೋದಾಮಿನ್ಯಾಗ ಬಿತ್ತು ಸ್ವಾಮಿ. ಕೆಂಚವೀರಪ್ಪ ಸಾವ್ಕಾರ್ರ ಜಿನ್ನು. ಒತ್ತಿ ಕಟ್ಟಿದ ಅಂಡಿಗೆ. ಅಲ್ಲೀತನ ನಮ್ಮ ಹುಡ್ಗ ಚಲೋ ಇದ್ದ."

ಮ್ಯಾಜಿಸ್ಟ್ರೇಟರ ಮುಖದಲ್ಲಿ ಉಳಿದಿದ್ದ ನಗು ಮಾಯವಾಯಿತು. ಏನೋ ಬರೆದುಕೊಂಡರು. ಹುಡುಗನನ್ನು ಸರ್ಕಾರಿ ದವಾಖಾನೆಗೆ ತೋರಿಸಿ ವರದಿ ತನ್ನಿ ಎಂದರು. ಎಂಟು ದಿನ ಮುಂದಕ್ಕೆ ಹಾಕಿದರು. ಅಲ್ಲಿಯವರೆಗೆ ಹುಡುಗ ಠಾಣೆಯಲ್ಲೇ.

ಮರುದಿನ ದವಾಖಾನೆಯಲ್ಲಿ ಡಾಕ್ಟರು ಕೂದಲು ಸರಿಸಿ ಬೆರಳಿಟ್ಟರು. ಬೆರಳು ತಗ್ಗಿನಲ್ಲಿ ಇಳಿಯಿತು. ಅವರ ಮುಖ ಗಂಭೀರವಾಯಿತು.

"ಇಲ್ಲಿ ಎಲುಬು ಒಳಗೆ ಕುಸಿದಿದೆ. ಹಳೇ ಪೆಟ್ಟು. ಮಿದುಳಿಗೆ ಏಟಾದರೆ ಸಿಟ್ಟು, ಮರೆವು ಎಲ್ಲ ಬರುತ್ತೆ. ಇದು ಹುಡುಗನ ಕೊಬ್ಬಲ್ಲ. ಇದಾದ ಮೇಲೆ ಮತ್ತೆ ತಲೆಗೆ ಪೆಟ್ಟು ಬಿದ್ದಿದೆಯಾ?"

ಅಪ್ಪ ನೆಲ ನೋಡಿದ. ಗೋಣೆಪ್ಪ ಅಪ್ಪನಿಗೆ ಸಹಾಯ ಮಾಡಲು ಮುಂದೆ ಬಂದ.

"ಅಪ್ಪ ಹೊಡೀತಾನ್ರಿ. ಆದ್ರೆ ಆ ಕಡೆ ಹೊಡೆಯಂಗಿಲ್ಲ. ಗಾಯ ಐತಲ್ರಿ. ಈ ಕಡೆ ಹೊಡೀತಾನೆ."

ಡಾಕ್ಟರು ಅಪ್ಪನನ್ನು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಇನ್ನು ಮೇಲೆ ಯಾವ ಕಡೆಯೂ ಬೇಡ," ಎಂದರು, ಅಷ್ಟೇ. ಅಪ್ಪ ಹೊರಗೆ ಹೋದ. ನಾನು ನೋಡಿದಾಗ ಅಂಗಳದ ನಲ್ಲಿಯ ಕೆಳಗೆ ಕೈ ಹಿಡಿದು ನಿಂತಿದ್ದ. ನೀರು ಸುಮ್ಮನೆ ಹರಿಯುತ್ತಿತ್ತು. ನೂರು ಕಿಲೋ ಮೂಟೆಗೆ ಬಾಗದ ಬೆನ್ನು ಅವತ್ತು ಬಾಗಿತ್ತು.

ಮಾತು ಹರಿಹರದಿಂದ ದಾವಣಗೆರೆಗೆ ನಮಗಿಂತ ಮೊದಲೇ ರೈಲು ಹತ್ತಿತ್ತು. ಗೋಡೆಯ ಬರಹ ಓದಲು ಬಾರದ ಸಾಹುಕಾರರಿಗೆ ಮ್ಯಾಜಿಸ್ಟ್ರೇಟರ ಬರಹ ಚೆನ್ನಾಗಿ ತಿಳಿಯಿತು. ಕಾರ್ಖಾನೆ ಇನ್‌ಸ್ಪೆಕ್ಟರು ಬಂದರೆ ಕಷ್ಟ. ಅವ್ವನಿಗೆ ಬುಲಾವು ಬಂತು. ಅಪ್ಪ, ನಾನು ಹಿಂದೆ ಹೋದೆವು.

"ಬಾರವ್ವ ಕರಿಯವ್ವ, ಕೂಡು," ಎಂದರು ಕೆಂಚವೀರಪ್ಪನವರು.

ಹನ್ನೊಂದು ವರ್ಷ ನಿಂತು ದುಡಿದವಳಿಗೆ ಕೂಡು ಎಂದದ್ದು ಅದೇ ಮೊದಲು. ಎಲ್ಲಿ ಕೂಡಬೇಕೋ ಅವರೂ ಯೋಚಿಸಿರಲಿಲ್ಲ. ಇದ್ದ ಎರಡು ಕುರ್ಚಿಯಲ್ಲಿ ಒಂದರಲ್ಲಿ ಅವರು, ಇನ್ನೊಂದರಲ್ಲಿ ಗುಮಾಸ್ತ. ಅವ್ವ ಸುತ್ತ ನೋಡಿ ಬಾಗಿಲ ಬದಿಯ ಅಂಡಿಗೆಯ ಮೇಲೆ ಕೂತಳು. ಕೂತು ಅಂಗೈಯಿಂದ ತಟ್ಟಿ ನೋಡಿದಳು.

"ಅಷ್ಟೇನ್ ಮೆತ್ತಗಿಲ್ಲ ಬಿಡ್ರಿ ಸಾವ್ಕಾರ್ರೆ."

ಸಾಹುಕಾರರು ಕೇಳಿಸದವರಂತೆ ಮಾತು ಮುಂದುವರಿಸಿದರು. ಅವರು ಕೆಟ್ಟವರಲ್ಲ, ನೋಡಿ. ಪ್ರತಿ ಸೋಮವಾರ ಉಪವಾಸ ಇರುತ್ತಿದ್ದರು. ತಮ್ಮ ವಕೀಲರನ್ನೇ ಕೊಡುತ್ತಾರಂತೆ. ಕೇಸು ಬಿದ್ದುಹೋಗುವ ಹಾಗೆ ಮಾಡುತ್ತಾರಂತೆ. ಸುಧಾರಣಾ ಶಾಲೆ ಇಲ್ಲ, ಏನೂ ಇಲ್ಲ. ಗೋಣೆಪ್ಪ ಮನೆಗೆ ಬರುತ್ತಾನೆ. ಅವ್ವ ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರೆ ಸಾಕು. ಗುಮಾಸ್ತ ಓದಿದ. ನನ್ನ ಮಗ ಗೋಣೆಪ್ಪ ಹುಟ್ಟಿದಾಗಿನಿಂದ ಬುದ್ಧಿ ಸರಿಯಿಲ್ಲದವನು. ಯಾವ ಪೆಟ್ಟೂ ಬಿದ್ದಿಲ್ಲ. ಜಿನ್ನಿಗೂ ಇದಕ್ಕೂ ಸಂಬಂಧವಿಲ್ಲ.

"ಹುಟ್ಟಾ ಹಿಂಗೇ ಅಂದ್ರೆ ಕೋರ್ಟಿನೋರು ಪಾಪ ಅಂತಾರೆ, ತಿಳೀತಾ? ನಿನ್ನ ಮಗನ ಸಲುವಾಗಿ ಹೇಳ್ತಿರೋದು," ಎಂದರು ಸಾಹುಕಾರರು.

"ತಿಳೀತ್ರಿ. ನಿಮಗೆ ನಮ್ಮ ಮಗನ ಮ್ಯಾಲೆ ಭಾಳ ಪ್ರೀತಿ. ಎಂಟು ವರ್ಷದಿಂದ ತಡ್ಕೊಂಡಿದ್ರಿ," ಎಂದಳು ಅವ್ವ.

ದಾರಿಯಲ್ಲಿ ಅಪ್ಪ, "ಒತ್ತಿಬಿಡು. ಹುಡುಗ ಮನೀಗೆ ಬರ್ತಾನೆ. ಅಲ್ಲಿಗೆ ಕಳಿಸಿದ್ರೆ ಬಡಿದು ಸಾಯಿಸ್ತಾರೆ," ಎಂದ. ಬಡಿಯುವುದು ಎಂದರೇನು ಎಂದು ಈಗ ಅವನಿಗೆ ತಿಳಿದಿತ್ತು.

"ಒತ್ತಿದ್ರಾತು," ಎಂದಳು ಅವ್ವ. ನಿಜ ಹೇಳುತ್ತೇನೆ, ಅವಳು ಒತ್ತುವವಳೇ ಇದ್ದಳು. ನಾನೂ ಒತ್ತಲಿ ಎಂದೇ ಬಯಸಿದ್ದೆ.

ವಿಚಾರಣೆಯ ದಿನ ಬೆಳಗ್ಗೆ ಠಾಣೆಯ ಹಿಂದಿನ ಕೋಣೆಯಲ್ಲಿ ಗೋಣೆಪ್ಪನನ್ನು ನೋಡಿದೆವು. ಕಬ್ಬಿಣದ ಸರಳು ನಡುವೆ. ಕಪಾಳ ಇನ್ನೂ ಕಂದಿಕೊಂಡಿತ್ತು. ಅವ್ವ ಸರಳೊಳಗಿಂದ ರೊಟ್ಟಿ ಕೊಟ್ಟಳು.

"ಇವತ್ತು ಮನೀಗೆ ಬರ್ತಿ. ನೀನು ಹುಟ್ಟಿದಾಗಿಂದ್ಲೂ ಹಿಂಗೇ ಅಂತ ಒಂದು ಹೆಬ್ಬೆಟ್ಟು ಒತ್ತಬೇಕು, ಅಷ್ಟೇ."

ಗೋಣೆಪ್ಪ ಅಗಿಯುವುದನ್ನು ನಿಲ್ಲಿಸಿದ.

"ಹೌದಾ ಅವ್ವ? ನಾನು ಹುಟ್ಟಿದಾಗ್ಲೇ ಹಿಂಗಿದ್ನಾ?"

"ಇಲ್ಲ ಕಣಪ್ಪ."

"ಮತ್ತೆ ಹೆಂಗಿದ್ದೆ?"

ಅವನಿಗೆ ಆರು ವರ್ಷ ವಯಸ್ಸಿಗೆ ಮುಂಚಿನದೇನೂ ನೆನಪಿರಲಿಲ್ಲ. ಅವ್ವ ಹೇಳತೊಡಗಿದಳು. ಕಣ್ಣು ಮುಚ್ಚಿಕೊಂಡು ಸದ್ದಿನಿಂದಲೇ ಇದು ಗೂಡ್ಸು, ಇದು ಪ್ಯಾಸೆಂಜರು ಎಂದು ಹೇಳುತ್ತಿದ್ದಿ. ಕತ್ತೆಗೆ ನಮಸ್ಕಾರ ಮಾಡುತ್ತಿದ್ದಿ, ಕೇಳಿದರೆ ಅದೂ ಅಪ್ಪನ ಹಂಗೆ ಮೂಟೆ ಹೊರ್ತೈತಲ್ಲ ಅನ್ನುತ್ತಿದ್ದಿ. ಕೋಳಿಗೆ ಅತ್ತು ಕಾಲಿನ ತುಂಡಿಗೆ ಜಗಳ ಆಡುತ್ತಿದ್ದಿ. ಗೋಣೆಪ್ಪ ನಕ್ಕ. ರೊಟ್ಟಿ ಬಾಯಿಂದ ಉದುರುವಷ್ಟು ನಕ್ಕ. ಅಪ್ಪನೂ ನಕ್ಕ. ಆಮೇಲೆ ಗೋಣೆಪ್ಪ ಮೆಲ್ಲಗೆ ಹೇಳಿದ.

"ಚಲೋ ಇದ್ದ ಬಿಡವ್ವ, ಆ ಹುಡುಗ."

ಯಾರದೋ ಮನೆಯ ಹುಡುಗನ ಬಗ್ಗೆ ಹೇಳಿದ ಹಾಗೆ.

"ಅವನು ನೀನೇ ಕಣೋ," ಎಂದಳು ಅವ್ವ. ನಾನು ಅವಳು ಅತ್ತದ್ದನ್ನು ನೋಡಿದವಳಲ್ಲ. ಅಂದೂ ಅಳಲಿಲ್ಲ. ಸೆರಗು ಬಿಗಿದು ಕೋರ್ಟಿನ ಕಡೆ ನಡೆದಳು. ಎಷ್ಟು ಜೋರಾಗಿ ನಡೆದಳೆಂದರೆ ಅಪ್ಪ ಓಡಬೇಕಾಯಿತು.

ಕೋರ್ಟಿನಲ್ಲಿ ಸಾಹುಕಾರರ ಗುಮಾಸ್ತ ಶಾಯಿಯ ಡಬ್ಬಿ ಹಿಡಿದು ಕಾಯುತ್ತಿದ್ದ. ಸಾಹುಕಾರರ ವಕೀಲರು ಕಾಗದ ಮುಂದಿಟ್ಟರು. ಹುಟ್ಟಿನಿಂದ ಬುದ್ಧಿಮಾಂದ್ಯ, ತಾಯಿಯೇ ಒಪ್ಪುತ್ತಾಳೆ, ದಯೆ ತೋರಬೇಕು ಎಂದರು. ಗುಮಾಸ್ತ ಅವ್ವನ ಹೆಬ್ಬೆರಳು ಹಿಡಿದು ಶಾಯಿಗೆ ಒತ್ತಿದ. ಕಾಗದದ ಮೇಲೆ ತಂದ. ಅವ್ವ ಕೈ ಕಿತ್ತುಕೊಂಡಳು.

"ಒತ್ತಂಗಿಲ್ರಿ."

ಗುಮಾಸ್ತ ಮತ್ತೆ ಕೈ ಹಿಡಿಯಲು ಹೋದ. ಅವ್ವ ಹೆಬ್ಬೆರಳನ್ನು ತನ್ನ ತಲೆಗೂದಲಿಗೆ ಉಜ್ಜಿದಳು.

"ಹತ್ತಿ ಮೆತ್ತಿದ ಬಿಳಿ ಕೂದ್ಲಿಗೆ ಒಂದೀಟು ಕಪ್ಪಾದ್ರೂ ಆಗ್ಲಿ."

ಈ ಸಲ ಕೋರ್ಟು ನಕ್ಕದ್ದು ಅವಳ ಜೊತೆಗೆ. ಮ್ಯಾಜಿಸ್ಟ್ರೇಟರು ಮೇಜು ತಟ್ಟಿದರು.

"ಒತ್ತದಿದ್ದರೆ ಹುಡುಗನನ್ನು ಸುಧಾರಣಾ ಶಾಲೆಗೆ ಕಳಿಸಬೇಕಾಗಬಹುದು. ಗೊತ್ತಿದೆಯಾ?"

"ಗೊತ್ತೈತೆ ಸ್ವಾಮಿ."

"ಆದರೂ?"

"ನನ್ನ ಹೊಟ್ಟ್ಯಾಗ ಅವನಿಗೆ ಪೆಟ್ಟು ಬಿದ್ದಿಲ್ಲ. ಅವರ ಗೋದಾಮಿನ್ಯಾಗ ಬಿದ್ದೈತೆ. ನನ್ನ ಹೊಟ್ಟೆ ಗೋದಾಮಲ್ಲ ಸ್ವಾಮಿ. ಮೂರರ ಜಾಗದಾಗ ಐದು ಪೇರಿಸಿರ್ಲಿಲ್ಲ ಅಲ್ಲಿ. ಆ ಹುಡುಗನ ಆರು ವರ್ಷ ಕಸ್ಕೊಂಡ್ರೆ ಅವನ ಹತ್ರ ಇನ್ನೇನೂ ಉಳಿಯಂಗಿಲ್ಲ. ತಪ್ಪು ಮಾಡ್ಯಾನೆ, ಶಿಕ್ಷೆ ಕೊಡ್ರಿ. ಸುಳ್ಳು ಕೊಡಬ್ಯಾಡ್ರಿ."

ಸಾಹುಕಾರರ ವಕೀಲರು ಎದ್ದರು. ಹೆಂಗಸಿನ ಮಾತಿಗೆ ಸಾಕ್ಷಿ ಏನು ಎಂದರು. ಡಾಕ್ಟರ ವರದಿಯಲ್ಲಿ ಪೆಟ್ಟು ಹಳೆಯದು ಎಂದಷ್ಟೇ ಇದೆ, ಎಲ್ಲಿ ಬಿತ್ತು ಎಂದಿಲ್ಲ. ಹತ್ತಿಯಿಂದ ಎಲುಬು ಮುರಿಯುತ್ತದೆ ಎಂದರೆ ಚಿಕ್ಕ ಮಕ್ಕಳೂ ನಂಬುವುದಿಲ್ಲ.

ಆಗ ಹಿಂದಿನಿಂದ ಒಂದು ಕೆಮ್ಮು ಕೇಳಿತು. ಜಿನ್ನಿನ ಕೆಮ್ಮು. ಬಾಗಿಲ ಹತ್ತಿರ ಕೊಟ್ರವ್ವ ನಿಂತಿದ್ದಳು. ಅವಳ ಹಿಂದೆ ಇನ್ನಿಬ್ಬರು. ನಾವು ಅವರನ್ನು ಕರೆದಿರಲಿಲ್ಲ. ಕರೆಯುವ ಧೈರ್ಯ ನಮಗಿರಲಿಲ್ಲ. ಒಂದು ದಿನ ತಪ್ಪಿಸಿದರೆ ಕೆಲಸ ಹೋಗುತ್ತದೆ ಎಂದು ನಮಗೆ ಗೊತ್ತು, ಅವರಿಗೂ ಗೊತ್ತು.

"ನಾನು ಎತ್ತೀನ್ರಿ ಆ ಅಂಡಿಗೆ," ಎಂದಳು ಕೊಟ್ರವ್ವ.

ಮ್ಯಾಜಿಸ್ಟ್ರೇಟರು ಅವಳನ್ನು ಮುಂದೆ ಕರೆಸಿದರು. "ನೀನೊಬ್ಬಳೇ ಎತ್ತಿದೆಯಾ?"

"ಇಲ್ರಿ. ನಾಲ್ಕು ಮಂದಿ ಕೂಡಿದ್ವಿ. ಎತ್ತಾಕ ಆಗ್ಲಿಲ್ಲ, ಉಳ್ಳಿಸಿದ್ವಿ. ನನ್ನ ನಡ ಅವತ್ತಿಂದ ನೆಟ್ಟಗಿಲ್ಲ." ಕೊಟ್ರವ್ವ ವಕೀಲರ ಕಡೆ ತಿರುಗಿದಳು. "ನಮಗೂ ಅವತ್ತು ಆಶ್ಚರ್ಯ ಆತ್ರಿ. ಹತ್ತಿ ತಾನೆ, ಹಗುರ ಇರ್ಬೇಕಿತ್ತು."

ಯಾರೂ ನಗಲಿಲ್ಲ.

ತೀರ್ಪು ಮಧ್ಯಾಹ್ನ ಬಂತು. ಅರ್ಧ ಸಿಹಿ, ಅರ್ಧ ಕಹಿ. ಮುರಿದ ದವಡೆ ಮುರಿದದ್ದೇ ಎಂದರು ಮ್ಯಾಜಿಸ್ಟ್ರೇಟರು. ಆದರೆ ಪೆಟ್ಟು ತಿಂದ ತಲೆಯನ್ನು ಇನ್ನಷ್ಟು ಪೆಟ್ಟು ಸಿಗುವ ಜಾಗಕ್ಕೆ ಕಳಿಸುವುದಿಲ್ಲ. ಎರಡು ವರ್ಷ ತಂದೆತಾಯಿಯ ಜವಾಬ್ದಾರಿಯಲ್ಲಿರಲಿ. ಪ್ರತಿ ತಿಂಗಳು ಠಾಣೆಗೆ ಬಂದು ಮುಖ ತೋರಿಸಲಿ. ಜಿನ್ನಿನ ವಿಷಯ ಈ ಕೋರ್ಟಿಗೆ ಬರುವುದಿಲ್ಲ, ಕಾರ್ಖಾನೆ ಇನ್‌ಸ್ಪೆಕ್ಟರಿಗೆ ಬರೆಯುತ್ತೇನೆ. ಅಪ್ಪ ಮುಚ್ಚಳಿಕೆಗೆ ಹೆಬ್ಬೆಟ್ಟು ಒತ್ತಿದ. ನನ್ನ ಮಗನನ್ನು ಹದ್ದುಬಸ್ತಿನಲ್ಲಿಡುತ್ತೇನೆ ಎಂದು ಅದರಲ್ಲಿ ಬರೆದಿತ್ತು.

"ಹೆಂಗೆ ಇಡಾದು?" ಎಂದು ಹೊರಗೆ ಬಂದ ಮೇಲೆ ಅಪ್ಪ ಅವ್ವನನ್ನು ಕೇಳಿದ.

"ಕಿವಿ ನೋಡು ಮೊದ್ಲು," ಎಂದಳು ಅವ್ವ.

ಅವತ್ತೇ ಊರಿಗೆ ಹೋಗಲಿಲ್ಲ. ಅವ್ವ ಗೋಣೆಪ್ಪನನ್ನು ನೇರ ಅಜ್ಜಯ್ಯನ ಮನೆಗೆ ಕರೆದೊಯ್ದಳು. ಹೊಳೆಯ ಕಡೆಯ ಒಂದು ಚಿಕ್ಕ ಮನೆ. ಅಜ್ಜಯ್ಯ ದವಡೆಗೆ ಬಟ್ಟೆ ಕಟ್ಟಿಕೊಂಡು ಗೋಡೆಗೆ ಒರಗಿದ್ದ. ಕಾಣುತ್ತಲೇ ಹೆದರಿ ಮೂಲೆಗೆ ಸರಿದ. ಅವನ ತಾಯಿ ಪೊರಕೆ ಎತ್ತಿದಳು. ಅವ್ವ ಪೊರಕೆಯ ಮುಂದೆ ಹೋಗಿ ನಿಂತಳು.

"ಹೊಡೀಬೇಕು ಅನ್ಸಿದ್ರೆ ನನಗೆ ಹೊಡಿ ತಂಗೀ. ಇವನಿಗೆ ಬ್ಯಾಡ, ಡಾಕ್ಟ್ರು ಬ್ಯಾಡ ಅಂದಾರೆ."

ಪೊರಕೆ ಕೆಳಗಿಳಿಯಿತು. ಗೋಣೆಪ್ಪ ಅಜ್ಜಯ್ಯನ ಮುಂದೆ ಕುಕ್ಕರುಗಾಲಲ್ಲಿ ಕೂತ. ಹೇಳಬೇಕಾದ ಮಾತನ್ನು ರೈಲ್ವೆ ಗೇಟಿನಿಂದ ಅಲ್ಲಿಯವರೆಗೆ ಅವ್ವ ಹೇಳಿಕೊಟ್ಟಿದ್ದಳು. ಎಲ್ಲ ಮರೆತಿತ್ತು. ತಲೆ ಕೆರೆದ. ಕೊನೆಗೆ, "ನಾನಂತೆ ನಿನಗೆ ಹೊಡ್ದಿದ್ದು. ನನಗೆ ನೆನಪಿಲ್ಲ. ಆದ್ರೂ ನನ್ನದೇ ತಪ್ಪು," ಎಂದ. ಅಜ್ಜಯ್ಯನಿಗೆ ಬಾಯಿ ಬಿಡಲು ಆಗದು. ತನ್ನನ್ನೇ ತೋರಿಸಿಕೊಂಡು, ಬೆರಳ ಗೆಣ್ಣನ್ನು ಗಾಳಿಯಲ್ಲಿ ಬಡಿದು, ಬೇಡ ಎನ್ನುವಂತೆ ಕೈ ಆಡಿಸಿದ. ಅವನೂ ತಪ್ಪಾಯಿತು ಎಂದ ಹಾಗಾಯಿತು. ಮುಂದಿನ ಇಪ್ಪತ್ತು ದಿನ ಅವ್ವ ಮಧ್ಯಾಹ್ನದ ಗಾಡಿಗೆ ಹರಿಹರಕ್ಕೆ ಹೋಗಿ ಅವನಿಗೆ ಗಂಜಿ ಕುಡಿಸಿ ಬಂದಳು. ಹೋಗಲು ಪುರುಸೊತ್ತಿತ್ತು. ಜಿನ್ನಿನ ಗೇಟಿನಲ್ಲಿ ಅವಳನ್ನೂ ಕೊಟ್ರವ್ವನನ್ನೂ ಇನ್ನಿಬ್ಬರನ್ನೂ ಮರುದಿನವೇ ಒಳಗೆ ಬಿಟ್ಟಿರಲಿಲ್ಲ.

ಇನ್‌ಸ್ಪೆಕ್ಟರು ಬಂದರು. ಸಾಹುಕಾರರು ಕೂಡಲೇ ಕ್ರಮ ತೆಗೆದುಕೊಂಡರು. ಮಕ್ಕಳಿಗೆ ಪ್ರವೇಶವಿಲ್ಲ ಎಂದು ಗೇಟಿಗೆ ಹಲಗೆ ಹಾಕಿಸಿದರು. ಅಂಡಿಗೆಯನ್ನು ತಗ್ಗಿಸುವ ಬದಲು ಮಕ್ಕಳನ್ನು ತಗ್ಗಿಸಿದರು. ಹೆಂಗಸರು ಮರುದಿನ ಕೂಸುಗಳ ಸಮೇತ ಬಂದು ಹಲಗೆಯ ಕೆಳಗೆ ಕೂತರು. ಯಾರೂ ಘೋಷಣೆ ಕೂಗಲಿಲ್ಲ. ಮೇಸ್ತ್ರಿ ಒಳಗೆ ಬನ್ನಿ ಎಂದ. "ನಾವು ಬರ್ತೀವಿ, ಇದನ್ನ ಹಿಡ್ಕೋ," ಎಂದು ಒಬ್ಬಳು ಅಳುವ ಕೂಸನ್ನು ಅವನ ಕೈಗೆ ಕೊಟ್ಟಳು. ಇನ್ನೊಬ್ಬಳೂ ಕೊಟ್ಟಳು. ನಾಲ್ಕನೇ ಕೂಸಿಗೆ ಅವನು ಓಡಿದ. ಅವ್ವ, ಕೊಟ್ರವ್ವ ಕೆಲಸವಿಲ್ಲದಿದ್ದರೂ ಅವರ ನಡುವೆ ಕೂತಿದ್ದರು. ಹಾಗೆ ಕೂರುವುದು ಹನ್ನೊಂದು ದಿನ ನಡೆಯಿತು. ಹತ್ತಿ ಅಂಗಳದಲ್ಲಿ ರಾಶಿ ಬಿತ್ತು. ಹನ್ನೆರಡನೇ ದಿನ ಹಲಗೆ ಇಳಿಯಿತು, ಅಂಡಿಗೆಗಳೂ ಇಳಿದವು.

ಅವ್ವನಿಗೆ, ಕೊಟ್ರವ್ವನಿಗೆ, ಇನ್ನಿಬ್ಬರಿಗೆ ಆ ಕೆಲಸ ಮತ್ತೆ ಸಿಗಲಿಲ್ಲ. ಖಾಜಾ ಹುಸೇನ್ ಸಾಹೇಬರ ಭಟ್ಟಿಯಲ್ಲಿ ಕಾದ ಉಸುಕಿನ ಮುಂದೆ ಮಂಡಕ್ಕಿ ಹುರಿದರು. ಅವ್ವನ ಹುಬ್ಬಿನ ಬಿಳಿ ಹೋಗಿ ಮಸಿ ಬಂತು. "ಈಗ ನೋಡು, ವಯಸ್ಸಿಗೆ ಬಂದ್ಲು ನಮ್ಮ ಮುದುಕಿ," ಎಂದು ಅಪ್ಪ ಚುಡಾಯಿಸಿದ. ಗೋಣೆಪ್ಪನಿಗೆ ಸಿಟ್ಟು ಬರುವುದು ನಿಂತಿತೆಂದು ಸುಳ್ಳು ಹೇಳಲಾರೆ. ಬರುತ್ತಿತ್ತು. ಅಪ್ಪ ಹಮಾಲಿಯಿಂದ ಬಂದವನು ತನ್ನ ಬೆವರು ಒರೆಸಿಕೊಳ್ಳುವ ಮುಂಚೆಯೇ ಅವನಿಗೆ ಟವೆಲ್ ಒದ್ದೆ ಮಾಡುತ್ತಿದ್ದ. ಒಂದೆರಡು ಸಲ ಅವನಿಗೇ ಪೆಟ್ಟು ಬಿತ್ತು. ತಿಂದುಕೊಂಡ. ತಿರುಗಿ ಕೊಡಲಿಲ್ಲ.

ಮೂರು ವರ್ಷ ತಡವಾಗಿ, ಅರವತ್ತೈದರಲ್ಲಿ, ಜಿನ್ನಿನಲ್ಲಿ ಮಕ್ಕಳಿಗೆಂದು ಒಂದು ಕೋಣೆ ಕಟ್ಟಿದರು. ಉದ್ಘಾಟನೆಗೆ ಚಪ್ಪರ ಹಾಕಿದ್ದರು. ಕೂಸುಗಳನ್ನು ಕಂಡರೆ ನನ್ನ ಕರುಳು ಚುರುಕ್ಕೆನ್ನುತ್ತದೆ ಎಂದು ಕೆಂಚವೀರಪ್ಪನವರು ಭಾಷಣ ಮಾಡಿದರು. ನಮ್ಮನ್ನು ಯಾರೂ ಕರೆದಿರಲಿಲ್ಲ. ಅವ್ವ ಭಟ್ಟಿಯಿಂದ ಮಸಿ ಮುಖದಲ್ಲೇ ಬಂದಳು. ಗೋಣೆಪ್ಪ ಅವಳ ಪಕ್ಕದಲ್ಲಿದ್ದ. ಗೇಟಿನವನು ತಡೆಯಲು ಕೈ ಎತ್ತಿ, ಯಾಕೋ ಇಳಿಸಿದ.

ಒಳಗೆ ಹೆಂಗಸರು ಕೂಸುಗಳನ್ನು ಸೊಂಟದಲ್ಲಿಟ್ಟುಕೊಂಡು ನಿಂತಿದ್ದರು. ಹೊಸ ಚಾಪೆ ಹಾಸಿತ್ತು. ಯಾರೂ ಮಲಗಿಸಿರಲಿಲ್ಲ. ಅವ್ವ ನಡುವೆ ಹೋಗಿ ನಿಂತಳು. ಕಂಬ ಹಿಡಿದು ಅಲುಗಿಸಿದಳು. ಗೋಡೆ ತಟ್ಟಿದಳು. ಆಮೇಲೆ ಕತ್ತೆತ್ತಿ ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ನಿಧಾನವಾಗಿ ನೋಡಿದಳು. ಸಾಹುಕಾರರ ಭಾಷಣ ನಿಂತುಹೋಗಿತ್ತು.

"ಮ್ಯಾಲೆ ಏನೂ ಇಲ್ಲ," ಎಂದಳು ಅವ್ವ. "ಮಲಗಿಸ್ರಿ."